ಕಂಕುಳಲ್ಲಿ ನಿಂಬೆಹಣ್ಣು

ಬೆಳಗಿನ ಏಳೂವರೆಗೆ ನೀವು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದ್ದರೆ, ಬಲ ಮೊಣಕೈಯನ್ನು ಪಕ್ಕೆಗೆ ಅಂಟು ಹಚ್ಚಿ ಅಂಟಿಸಿದಂತೆ ಒತ್ತಿಕೊಂಡು, ಎಡಗೈಯನ್ನು ಮಾತ್ರ ಗಡಿಯಾರದ ಲೋಲಕದಂತೆ ಬೀಸುತ್ತ, ಯಾರಿಗೂ ಕಾಣದ ಒಂದು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಸಂತೆಗೆ ಹೊರಟವನ ಹಾಗೆ ಬರುವ ಒಬ್ಬ ಮನುಷ್ಯನನ್ನು ಕಾಣುತ್ತೀರಿ. ಆ ಮೊಣಕೈಗೂ ಆ ಪಕ್ಕೆಗೂ ನಡುವೆ ಗಾಳಿ ನುಸುಳಿ ಎರಡು ವರ್ಷವಾಯಿತು. ಗೋಪಾಲಸ್ವಾಮಿ ಬೆಟ್ಟದ ಗಾಳಿಯೇ ಒಮ್ಮೆ ಇಳಿದು ಬಂದು, ತಳ್ಳಿ ನೋಡಿ, ಕೈಲಾಗದೆ ಕೇರಳದ ಕಡೆ ಹೊರಟುಹೋಯಿತೆಂದು ನಾನು ಹೇಳಿದರೆ ನಂಬದವರಿದ್ದಾರೆ. ಅಂಥವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ಮುಂದೆ ಇದಕ್ಕಿಂತ ದೊಡ್ಡದೇ ಇದೆ.

ಊರಿನಲ್ಲಿ ಈ ಮೊಣಕೈಯ ಬಗ್ಗೆ ಹತ್ತು ಕಥೆಗಳಿವೆ. ಕಂಕುಳಲ್ಲಿ ಮನೆಪತ್ರ ಇದೆ ಎನ್ನುವವರಿದ್ದಾರೆ, ಮಂತ್ರಿಸಿದ ತಾಯತ ಇದೆ ಎನ್ನುವವರಿದ್ದಾರೆ, ಹುಟ್ಟಿನಿಂದಲೇ ಹೀಗೆ ಎಂದು ಆಣೆ ಮಾಡುವವರೂ ಇದ್ದಾರೆ. ನಿಜವನ್ನು ಬಲ್ಲವನು ನಾನೊಬ್ಬ. ನಾನು ಸುಳ್ಳು ಹೇಳುವವನೆಂಬ ಖ್ಯಾತಿ ಇರುವುದರಿಂದ ಆ ನಿಜಕ್ಕೆ ಇದುವರೆಗೆ ಗಿರಾಕಿ ಸಿಕ್ಕಿಲ್ಲ.

ಆತನ ಹೆಸರು ಮರಿಮಲ್ಲಪ್ಪ. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದ ಏಟು ಹಂಚಿಕೊಂಡವರು. ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಛೇರಿಯಲ್ಲಿ ಟಪಾಲು ಗುಮಾಸ್ತನಾಗಿದ್ದು, ಒಳಬಂದ ಕಾಗದಕ್ಕೊಂದು ಮೊಹರು, ಹೊರಹೋದ ಕಾಗದಕ್ಕೊಂದು ಮೊಹರು ಒತ್ತಿ ಒತ್ತಿ, ಮನೆಯಲ್ಲಿ ದೋಸೆ ಬಡಿಸಿದರೂ ಒಮ್ಮೆ ಮುಷ್ಟಿಯಿಂದ ಗುದ್ದಿಯೇ ತಿನ್ನುವ ಅಭ್ಯಾಸ ಅವನದು. ಮಾತಿನ ಕೊನೆಗೆ 'ಅವಗಾಹನೆಗೆ' ಎಂಬ ಕಛೇರಿಯ ಪದವನ್ನು ಬಾಲದಂತೆ ಕಟ್ಟದೆ ಬಿಟ್ಟವನಲ್ಲ. "ಇವತ್ತು ಉಪ್ಪಿಟ್ಟು ತಿಂದೆ ಕಣ್ಲಾ, ನಿನ್ ಅವಗಾಹನೆಗೆ" ಎನ್ನುತ್ತಾನೆ. "ಮಳೆ ಬತ್ತಾ ಅದೆ, ಅವಗಾಹನೆಗೆ" ಎನ್ನುತ್ತಾನೆ, ಇಬ್ಬರೂ ಆಗಲೇ ತೊಯ್ದು ನಿಂತಿರುವಾಗ. ಮದುವೆಗೆ ಹೊಲಿಸಿದ ಕಂದು ಕೋಟೊಂದು ಅವನ ಮೈಮೇಲೆ ಚೈತ್ರದಲ್ಲೂ ಇರುತ್ತದೆ, ಮಾಘದಲ್ಲೂ ಇರುತ್ತದೆ. ಹರಿತವಾದ ವಸ್ತುವೆಂದರೆ ಅವನಿಗೆ ಪ್ರಾಣಭಯ. ಕಛೇರಿಯಲ್ಲಿ ಅವನು ಮುಟ್ಟಿದ ಅತಿ ಚೂಪಾದ ಆಯುಧ ಗುಂಡುಸೂಜಿ. ಅದನ್ನೂ ಬೇರೆಯವರಿಂದ ಚುಚ್ಚಿಸುತ್ತಿದ್ದ. ಕ್ಷೌರದ ಅಂಗಡಿಯಲ್ಲಿ ಕತ್ತಿ ಕೆನ್ನೆ ಮುಟ್ಟುವ ಮೊದಲೇ ಕಣ್ಣು ಮುಚ್ಚಿ, ಮನೆಗೆ ಬಂದ ಮೇಲೆ ತೆರೆಯುತ್ತಿದ್ದ.

ಇಂಥವನು ಚಾಮರಾಜನಗರ ಜಿಲ್ಲೆಯನ್ನೆಲ್ಲ ಜಾಲಾಡಿ ಒಂದು ಡೊಂಕು ಚೂರಿಯನ್ನು ಹುಡುಕಿ ತಂದ, ಅದನ್ನು ತನ್ನ ಎದೆಯ ಕಡೆಗೇ ಎಳೆದೆಳೆದು ಮರ ಕೆತ್ತಿದ, ಹತ್ತು ಬೆರಳನ್ನೂ ಉಳಿಸಿಕೊಂಡ ಎಂಬುದೇ ನಾನು ಹೇಳಹೊರಟ ಪವಾಡ.

ಕಾರಣ ಶಾಂತಮಲ್ಲಮ್ಮ, ಅವನ ಹೆಂಡತಿ. ಆಕೆ ಹಿಟ್ಟಿನ ಕೋಲು ಹಿಡಿದು ಒಲೆಯ ಮುಂದೆ ಕೂತು ರಾಗಿ ಹಿಟ್ಟು ತೊಳಸಿದರೆ ಬೀದಿಯ ಲೈಟುಕಂಬಗಳು ಅಲುಗುತ್ತಿದ್ದವು, ಆಕೆ ಕಟ್ಟಿದ ಮುದ್ದೆ ತಟ್ಟೆಯಲ್ಲಿ ಹುಣ್ಣಿಮೆಯ ಹಾಗೆ ಕೂರುತ್ತಿತ್ತು. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರದಲ್ಲಿ, ಆಕೆಗೆ ಲಕ್ವ ಹೊಡೆಯಿತು. ಕಾಲು ಬಂತು, ಮಾತು ಬಂತು, ಮಾತಿನ ಜೊತೆಗೆ ಬೈಗುಳವೂ ಯಥಾಸ್ಥಿತಿಗೆ ಬಂತು; ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಬಾಡಿದ ವೀಳ್ಯದೆಲೆಯಂತೆ ಒಳಕ್ಕೆ ಮುದುರಿಕೊಂಡವು, ಮಣಿಕಟ್ಟು ಒಂದು ಕಡೆಗೆ ತಿರುಗಿ ಅಲ್ಲೇ ನಿಂತಿತು. ಸ್ಟೀಲು ಚಮಚ ಕೊಟ್ಟರೆ ಬೆರಳ ಸಂದಿನಿಂದ ಜಾರಿ ಠಣ್ಣೆಂದು ಬೀಳುತ್ತಿತ್ತು. ಎಡಗೈಯಲ್ಲಿ ಉಣ್ಣು ಎಂದರೆ, "ಎಡಗೈ ಲಿಂಗಕ್ಕೆ, ಬಲಗೈ ಬಾಯ್ಗೆ. ಅದ್ಲು ಬದ್ಲು ಮಾಡಕೆ ನಾನ್ಯಾರು?" ಎನ್ನುವಳು. ಗಂಡ ಕೈತುತ್ತು ಕೊಡಹೋದರೆ ಮೂರು ತುತ್ತಿಗೆ ತುಟಿ ಬಿಗಿದು, ಗೋಡೆಯ ಕಡೆ ತಿರುಗಿ ಕೂರುವಳು. ಬೀದಿಗೇ ಅನ್ನವಿಕ್ಕಿದ ಕೈಯವಳಿಗೆ ಇನ್ನೊಬ್ಬರ ಕೈಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಾಳೆದಿಂಡಿನಂತಿದ್ದಾಕೆ ಊದುಕಡ್ಡಿಯಾದಳು. "ಹೊಟ್ಟೆಗೆ ಅನ್ನ ಹೋಗದೆ ಇದ್ದರೆ ನನ್ನ ಮಾತ್ರೆ ಒಂದೇ ಏನು ಮಾಡುತ್ತೆ?" ಎಂದು ಡಾಕ್ಟರು ಕೈಚೆಲ್ಲಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಮರಿಮಲ್ಲಪ್ಪ ತಾನೇ ಹಿಟ್ಟು ಮಾಡಹೋಗಿ ಪಾತ್ರೆಯ ತುಂಬ ಗಂಟು ಕಟ್ಟಿಸಿದ. ಆ ಗಂಟುಗಳನ್ನು ಅಂದು ನಾನೂ ತಿಂದಿದ್ದೇನೆ; ಮೂರು ನನ್ನ ಹೊಟ್ಟೆಯಲ್ಲಿ ಈಗಲೂ ಹಾಗೇ ಇವೆ. ನೋಡಿ ಸೈರಿಸಲಾರದೆ ಶಾಂತಮಲ್ಲಮ್ಮ ಗೋಡೆ ಬಿಟ್ಟು ಎದ್ದು ಬಂದು, "ಇತ್ತ ತನ್ನಿ, ರಾಗಿ ಮರ್ವಾದೆ ಕಳೀಬ್ಯಾಡಿ" ಎಂದು ಬಲಗೈಯಿಂದಲೇ ಕೋಲು ಕಿತ್ತುಕೊಂಡಳು. ಮುದುರಿದ ಐದು ಬೆರಳೂ ಆ ದಪ್ಪ ಕೋಲಿನ ಸುತ್ತ ತಾವಾಗಿಯೇ ಕೂತವು. ಒಂದು ಸುತ್ತು ತಿರುಗಿಸಿದಳು, ಎರಡು ಸುತ್ತು ತಿರುಗಿಸಿದಳು, ಆಮೇಲೆ ಸುಸ್ತಾಗಿ ಬಿಟ್ಟಳು. ಮರಿಮಲ್ಲಪ್ಪ ಕೋಲನ್ನು ನೋಡಲಿಲ್ಲ, ಹಿಟ್ಟನ್ನು ನೋಡಲಿಲ್ಲ. ಆ ಬೆರಳುಗಳನ್ನೇ ನೋಡಿದ. ಮಾರನೆಯ ಬೆಳಗ್ಗೆ ನನ್ನ ಮನೆಯ ಕದ ತಟ್ಟಿ, "ಹಿಟ್ಟಿನ ಕೋಲಿನಷ್ಟು ದಪ್ಪ ಹಿಡಿ ಇರೋ ಮರದ ಚಮಚ ಕೆತ್ತಬೇಕು ಕಣ್ಲಾ. ನಾನೇ ಕೆತ್ತಬೇಕು. ನಿನ್ ಅವಗಾಹನೆಗೆ" ಎಂದ. ನಾನು ನಕ್ಕೆ. ಆಮೇಲೆ ಅವನ ಮುಖ ನೋಡಿ ಚಪ್ಪಲಿ ಹಾಕಿಕೊಂಡೆ.

ಮೊದಲ ಚಮಚ ಹಿತ್ತಲ ಬೇವಿನದು. ಅದರಲ್ಲಿ ಪಾಯಸ ಕುಡಿದರೂ ಕಷಾಯವಾಗುತ್ತಿತ್ತು. ಎರಡನೆಯದನ್ನು ಉಳಿಯಿಂದ ತೋಡಹೋಗಿ ತಳವೇ ತೂತಾಯಿತು. ಸಾರು ಸೋಸಲು ಪ್ರಶಸ್ತವಾಗಿತ್ತು. ಮೂರನೆಯದರಲ್ಲಿ ತರಕಾರಿ ಚಾಕು ಜಾರಿ ಹೆಬ್ಬೆರಳ ಬುಡಕ್ಕೆ ಮೂರು ಹೊಲಿಗೆ ಬಿದ್ದವು. ಬಡಗಿಯ ಹತ್ತಿರ ಹೋದರೆ ಆತ, "ನಾವೀಗ ಪ್ಲೈವುಡ್ ಕುಯ್ಯೋ ಜನ ಸಾ, ಗುಂಡಗಿರೋದು ಮರ್ತೋಗದೆ" ಎಂದ. ಕೊನೆಗೆ ಮೊಬೈಲಿನಲ್ಲಿ ಯಾವುದೋ ಚಳಿದೇಶದ ಬಿಳಿಗಡ್ಡದವನೊಬ್ಬ ಚಮಚ ಕೆತ್ತುವುದು ಕಂಡಿತು. ಅವನ ಕೈಯಲ್ಲಿದ್ದ ಚೂರಿಯ ಅಲಗು ತುದಿಯಲ್ಲಿ ಬೆಕ್ಕಿನ ಉಗುರಿನಂತೆ ಒಳಕ್ಕೆ ಬಾಗಿತ್ತು. ಅವನು ಅದನ್ನು ತನ್ನ ಕಡೆಗೆ ಎಳೆದಂತೆಲ್ಲ ಮರದ ಹೊಟ್ಟೆಯಿಂದ ಕೆನೆ ತೆಗೆದ ಹಾಗೆ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತಿತ್ತು. ನೆಟ್ಟಗಿನ ಚೂರಿ ಗುಳಿಯೊಳಗೆ ತಿರುಗಲಾರದು, ಡೊಂಕು ಚೂರಿ ತಿರುಗುತ್ತದೆ. ಮರಿಮಲ್ಲಪ್ಪ ಆ ಚಿತ್ರವನ್ನು ಕಾಗದದ ಮೇಲೆ ಬರೆದು, ಕೆಳಗೆ ತಾರೀಖು ಹಾಕಿ, ಮಡಚಿ ಕೋಟಿನ ಜೇಬಿಗಿಟ್ಟ. ಶೋಧನೆ ಆರಂಭವಾಯಿತು.

ಚಾಮರಾಜನಗರದ ಕಬ್ಬಿಣದಂಗಡಿಯಲ್ಲಿ ನಂಜುಂಡಪ್ಪನೆಂಬ ಮಾಲೀಕ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, "ಕುಡ್ಲು ತಕಳಿ" ಎಂದ.

"ಕುಡುಗೋಲು ದೊಡ್ಡದು. ಇದು ತುದೀಲಿ ಮಾತ್ರ ಬಾಗಿರಬೇಕು."

"ತುದೀಲಿ ಮಾತ್ರ ಬಾಗಬೇಕಂದ್ರೆ ನೆಟ್ಟಗಿರೋದ್ನೆ ತಕಂಡೋಗಿ ಒಂದ್ ದಪ ಕಲ್ಮೇಲೆ ಬೀಳ್ಸಿ, ಸಾಮಿ."

ಕೇರಳದ ಬತ್ತೇರಿಯ ಕಡೆಯ ಲಾರಿ ಡ್ರೈವರೊಬ್ಬ ರಬ್ಬರ್ ಮರದ ಹಾಲು ತೆಗೆಯುವ ಕತ್ತಿ ತಂದುಕೊಟ್ಟ. ಅದು ತೊಗಟೆಗೆ ಸರಿ, ಗುಳಿಗೆ ಸಲ್ಲದು. ಮೊಬೈಲಿನಲ್ಲಿ ಆರ್ಡರು ಹಾಕಿದ್ದಕ್ಕೆ ಮೂಸಂಬಿ ಸುಲಿಯುವ ಪ್ಲಾಸ್ಟಿಕ್ಕಿನ ಉಗುರು ಬಂತು. ಚಂದಕವಾಡಿಯ ಕುಲುಮೆಯವರು ಲಾರಿಯ ಸ್ಪ್ರಿಂಗ್ ಪಟ್ಟಾ ಕಾಯಿಸಿ ಬಡಿದು ಒಂದು ಮಾಡಿಕೊಟ್ಟರು. ಅದು ಆನೆಗೆ ಕ್ಷೌರ ಮಾಡಲು ಹೇಳಿ ಮಾಡಿಸಿದಂತಿತ್ತು. ಅದನ್ನು ಎತ್ತಲು ನಾವಿಬ್ಬರೂ ಬೇಕಾಯಿತು, ಇಳಿಸಲು ಕುಲುಮೆಯವರೂ ಬಂದರು.

ಅದನ್ನು ಅಲ್ಲೇ ಬಿಟ್ಟು ಅಂದು ಸಂಜೆ ಚಾಮರಾಜನಗರದಿಂದ ಬರಿಗೈಯಲ್ಲಿ ಮರಳುತ್ತಿದ್ದೆವು. ಮನೆಯಲ್ಲಿ ಶಾಂತಮಲ್ಲಮ್ಮ ಎರಡು ದಿನದಿಂದ ನೀರುಮಜ್ಜಿಗೆಯ ಮೇಲೆ ಇದ್ದಳು. ಮರಿಮಲ್ಲಪ್ಪನ ಬಾಯಲ್ಲಿ ಅವಗಾಹನೆಯೂ ಉಳಿದಿರಲಿಲ್ಲ. ತೆರಕಣಾಂಬಿಯಲ್ಲಿ ಬಸ್ಸು ನಿಂತು, ಜನ ಹತ್ತಿ, ಇನ್ನೇನು ಹೊರಟಿತು ಎನ್ನುವಾಗ ಅವನು ಕಿಟಕಿಯಿಂದ ಹೊರಗೆ ನೋಡಿದವನೇ "ಹೋಲ್ಡಾನ್" ಎಂದು ಕೂಗಿದ ಕೂಗಿಗೆ ಡ್ರೈವರು ಒತ್ತಿದ ಬ್ರೇಕಿನಿಂದ ಮುಂದಿನ ಸೀಟಿನವರೆಲ್ಲ ಬಸ್ಸಿಗಿಂತ ಮೊದಲೇ ಗುಂಡ್ಲುಪೇಟೆ ತಲುಪಿಬಿಟ್ಟರು. ರಸ್ತೆ ದಾಟುವಾಗ ಎರಡೂ ಕಡೆ ಮೂರು ಮೂರು ಸಲ ನೋಡುವ ಮನುಷ್ಯ, ಬಸ್ಸು ಪೂರಾ ನಿಲ್ಲುವ ಮೊದಲೇ ಧುಮುಕಿ, ಕೋಟು ಹಾರಿಸಿಕೊಂಡು ಓಡಿದ. ನಾನು ಹಿಂದೆ ಓಡಿದೆ.

ರಸ್ತೆಯ ಬದಿಯ ಜಗಲಿಯ ಮೇಲೆ ಒಬ್ಬ ಮುದುಕಿ ಹಲಸಿನ ಹಣ್ಣು ಬಿಡಿಸಿ ತೊಳೆ ಮಾರುತ್ತಿದ್ದಳು. ಆಕೆಯ ಕೈಯಲ್ಲಿ ಗೇಣುದ್ದದ ಚೂರಿ; ಹುಣಸೆಮರದ ಹಿಡಿ ಅಂಗೈ ಸವೆತಕ್ಕೆ ಗಾಜಿನಂತೆ ಹೊಳೆಯುತ್ತಿತ್ತು, ಅಲಗು ನೆಟ್ಟಗೆ ಹೋಗಿ ತುದಿಯಲ್ಲಿ ಬೆಕ್ಕಿನ ಉಗುರಿನಂತೆ ಒಳಕ್ಕೆ ಸುರುಳಿಗೊಂಡಿತ್ತು. ಮರಿಮಲ್ಲಪ್ಪ ಜೇಬಿನ ಕಾಗದ ಬಿಡಿಸಿ ಚಿತ್ರವನ್ನೂ ಚೂರಿಯನ್ನೂ ತಾಳೆ ನೋಡಿದ.

ಆಕೆ ಚಿಕ್ಕನಿಂಗಮ್ಮ. ಗಂಡ ಮಂಟೇಸ್ವಾಮಿ ಆ ಸೀಮೆಯ ಎತ್ತುಗಳಿಗೆಲ್ಲ ಲಾಳ ಕಟ್ಟಿದವರು. ಅದು ಗೊರಸು ಹೆರೆಯುವ ಚೂರಿ. ಅವರು ಹೋಗಿ ಹನ್ನೆರಡು ವರ್ಷ, ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದದ್ದು ಅದಕ್ಕೂ ಮೊದಲು. ಚಕ್ರಕ್ಕೆ ಲಾಳ ಬೇಕಿಲ್ಲವಾಗಿ ಚೂರಿ ಹಲಸಿಗೆ ಬಂದಿತ್ತು.

"ಅಕ್ಕಾರೆ, ಒಂದ್ಸಲ ಕೊಡಿ. ನೋಡಿ ವಾಪಸ್ ಕೊಡ್ತೀನಿ" ಎಂದು ಮರಿಮಲ್ಲಪ್ಪ ಕೈಯೊಡ್ಡಿದ.

ಚಿಕ್ಕನಿಂಗಮ್ಮ ಚೂರಿಯನ್ನು ಸೆರಗಿಗೆ ಒರೆಸಿ, ಅವನ ಕೈಗೆ ಕೊಡದೆ, ಜಗಲಿಯ ಕಲ್ಲಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. "ಅಲ್ಲಿ ಅದೆ. ಎತ್ಕೊ."

"ಕೈಗೇ ಕೊಡಬಹುದಾಗಿತ್ತು."

"ಕಬ್ಣ ಕೈಗ್ ಕೊಟ್ರೆ ಜಗಳಾಯ್ತದೆ."

"ನನಗೂ ನಿಮಗೂ ಏನು ಜಗಳ, ಅಕ್ಕಾರೆ?"

"ನನ್ಗೂ ನಿನ್ಗೂ ಅಲ್ಲ ಕಣಪ್ಪಾ. ನಿನ್ ಬೆರಳ್ಗೂ ಅದ್ಕೂ."

ಉಪ್ಪು, ಸುಣ್ಣ, ಕಬ್ಬಿಣ ಕೈಯಿಂದ ಕೈಗೆ ದಾಟಬಾರದೆಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಅದು ಮೂಢನಂಬಿಕೆಯೆಂದು ನಾನು ಶಾಲೆಯಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದಿದ್ದೆ. ಅಂದು ಆ ಬಹುಮಾನವನ್ನು ಮನಸ್ಸಿನಲ್ಲೇ ಹಿಂದಿರುಗಿಸಿದೆ.

ಚೂರಿಯನ್ನು ಮಾರಲು ಆಕೆ ಒಪ್ಪಲಿಲ್ಲ. ಶಾಂತಮಲ್ಲಮ್ಮನ ಕಥೆ ಕೇಳಿದ ಮೇಲೆ, ಹಲಸಿನ ಅಂಟನ್ನು ಎಣ್ಣೆಯಿಂದ ಉಜ್ಜಿಕೊಳ್ಳುತ್ತ, "ನಾಳಿಂದ ದಿನಾ ಬಾ. ನನ್ ಕಣ್ಮುಂದೆ ಕಲಿ. ಕಲ್ತ್ಮೇಲೆ ತಕಂಡೋಗು. ನನ್ ಗಂಡ ಎತ್ತಿನ್ ಕಾಲ್ ಮ್ಯಾಲೆ ಆಡ್ಸಿ ಹತ್ತ್ ಬೆರಳೂ ಇಟ್ಕಂಡೇ ಮಣ್ಣಿಗೋದ ಪುಣ್ಯಾತ್ಮ. ಅವನ್ ಚೂರಿ ನಿನ್ ರಕ್ತ ಕುಡುದ್ರೆ ಅವನ್ಗೆ ಅವಮಾನ" ಎಂದಳು. ನನ್ನ ಕಡೆ ತಿರುಗಿ, "ನೀನ್ಯಾತಕ್ಕಪ್ಪಾ ಬಂದಿದ್ದೈ, ಸಾಕ್ಷಿ ಹೇಳಕಾ?" ಎಂದಳು. ಹೌದೆಂದೆ. ಹೇಳುತ್ತಿದ್ದೇನೆ.

ಕಲಿಕೆಯ ಮೊದಲ ಎಂಟು ದಿನ ಚೂರಿಯನ್ನೇ ಮುಟ್ಟಿಸಲಿಲ್ಲ. ಒಂದು ನಿಂಬೆಹಣ್ಣು ಕೊಟ್ಟು, "ಇದ ಕಂಕುಳ್ಗಿಕ್ಕೊ" ಎಂದಳು. ಡೊಂಕು ಚೂರಿಯನ್ನು ಎಳೆಯುವುದು ತನ್ನ ಮೈಯ ಕಡೆಗೇ. ತೋಳು ಬಿಡುಬೀಸಾಗಿದ್ದರೆ ಜಾರಿದ ಚೂರಿ ನೆಟ್ಟಗೆ ಎದೆಗೇ ಬಂದು ಕದ ತಟ್ಟುತ್ತದೆ. ತೋಳು ಪಕ್ಕೆಗೆ ಅಂಟಿದ್ದು ಮಣಿಕಟ್ಟು ಮಾತ್ರ ಆಡಿದರೆ, ಜಾರಿದರೂ ಅರ್ಧ ಗೇಣಿಗೆ ತಾನಾಗಿ ನಿಲ್ಲುತ್ತದೆ. ನಿಂಬೆಹಣ್ಣು ಬಿದ್ದರೆ ತೋಳು ಸಡಿಲವಾಯಿತೆಂದು ಅರ್ಥ, ಕೆಲಸ ನಿಲ್ಲಿಸಿ ನೀರು ಕುಡಿಯಬೇಕು. ಮಂಟೇಸ್ವಾಮಿಯೂ ಹೀಗೆಯೇ ಕಲಿತದ್ದಂತೆ.

ಮರಿಮಲ್ಲಪ್ಪ ರೂಲಿನ ಮನುಷ್ಯ. ಎಂಟು ದಿನ ಅಂದರೆ ಎಂಟು ದಿನದ ಅಷ್ಟೂ ಗಳಿಗೆ. ಉಣ್ಣುವಾಗ, ನಡೆಯುವಾಗ, ನಿದ್ದೆಯಲ್ಲಿ, ಬಸ್ಸಿನಲ್ಲಿ, ಕಂಕುಳಲ್ಲಿ ನಿಂಬೆಹಣ್ಣು. ನಾಲ್ಕನೆಯ ದಿನ ತುಂಬಿದ ಬಸ್ಸಿನಲ್ಲಿ ಕಂಡಕ್ಟರು ಹಿರಿಯರ ರಿಯಾಯಿತಿಗೆ ಆಧಾರ್ ಕಾರ್ಡು ಕೇಳಿದ, ಇವನು ಮೈಮರೆತು ಜೇಬಿಗೆ ಕೈಹಾಕಿದ, ಹಣ್ಣು ಬಿತ್ತು. ಬಿದ್ದದ್ದು ಸುಮ್ಮನಿರದೆ ಸೀಟುಗಳ ನಡುವಿನ ದಾರಿಯಲ್ಲಿ, ಯಾರನ್ನೋ ಹುಡುಕಿಕೊಂಡು ಹೊರಟಂತೆ, ನಿಧಾನವಾಗಿ ಮುಂದಕ್ಕೆ ಉರುಳಿತು.

ನಮ್ಮ ಸೀಮೆಯಲ್ಲಿ ಮೂರು ದಾರಿ ಸೇರುವಲ್ಲಿ ಬಿದ್ದ ನಿಂಬೆಹಣ್ಣನ್ನು ಲಾರಿಯೂ ಬಳಸಿಕೊಂಡು ಹೋಗುತ್ತದೆ. ಹಣ್ಣು ಮುಂದುವರಿದಂತೆ ಎರಡೂ ಬದಿಯ ಕಾಲುಗಳು ಸೀಟಿನ ಮೇಲಕ್ಕೆ ಏರಿದವು. ಒಬ್ಬ ಹೆಂಗಸು ಕೂಸನ್ನು ಸೆರಗಿನಲ್ಲಿ ಮುಚ್ಚಿದಳು. ಇಬ್ಬರು ಕಿಟಕಿಯಿಂದ ಇಳಿದರು. ಆ ಕಿಟಕಿಯಲ್ಲಿ ಒಬ್ಬ ಇಳಿಯುವುದೂ ಶರೀರಶಾಸ್ತ್ರಕ್ಕೆ ವಿರುದ್ಧ. ಬಸ್ಸು ನಿಂತಿತು.

"ಯಾರ್ದ್ರೀ ಇದು?" ಎಂದ ಕಂಡಕ್ಟರು, ತಾನು ಮುಟ್ಟದೆ.

"ನನ್ನದು" ಎಂದು ಮರಿಮಲ್ಲಪ್ಪ ಎದ್ದು ನಿಂತು, ಹೋಗಿ, ಹಣ್ಣೆತ್ತಿ, ಒರೆಸಿ, ಮತ್ತೆ ಕಂಕುಳಿಗೆ ಇಟ್ಟುಕೊಂಡ. "ತರಬೇತಿಗೆ. ತಮ್ಮ ಅವಗಾಹನೆಗೆ."

ಅಂದಿನಿಂದ ಆ ಬಸ್ಸಿನಲ್ಲಿ ಅವನಿಗೆ ಮೂರು ಜನರ ಸೀಟು ಒಬ್ಬನಿಗೇ. ಗೆಳೆಯನೆಂಬ ಋಣಕ್ಕೆ ನನಗೂ ಮೂರು ಜನರ ಸೀಟು. ತೆರಕಣಾಂಬಿಗೆ ಅಷ್ಟು ಸುಖವಾಗಿ ಮಂತ್ರಿಗಳೂ ಹೋಗಿರಲಾರರು.

ಒಂಬತ್ತನೆಯ ದಿನ ಚೂರಿ ಕೈಗೆ ಬಂತು. ಅಂದರೆ ಕಲ್ಲಿನ ಮೇಲೆ ಬಂತು. ಮೊದಲು ಸಾಣೆ. "ಮೊಂಡು ಚೂರಿನೆ ಕುಯ್ಯೋದು ಕಣಪ್ಪಾ. ಅರಿತ ಇದ್ರೆ ಏಳ್ದ ಮಾತ ಕೇಳ್ತದೆ. ಮೊಂಡಾದ್ರೆ ನೀನು ಜೋರ್ ಮಾಡ್ತೀಯೆ, ಅದೂ ಜೋರ್ ಮಾಡ್ತದೆ" ಎಂದಳು. ಒಳಬಾಗನ್ನು ಉಜ್ಜಲು ಚಪ್ಪಟೆ ಕಲ್ಲು ಮುಟ್ಟದು. ಮರಿಮಲ್ಲಪ್ಪ ಕಛೇರಿಯ ಕಾಲದ ಗುಂಡನೆಯ ರೂಲುದೊಣ್ಣೆಗೆ ನಯವಾದ ಉಪ್ಪುಕಾಗದ ಸುತ್ತಿ ಉಜ್ಜಿದ. ಮೂವತ್ತನಾಲ್ಕು ವರ್ಷ ಗೆರೆ ಎಳೆದ ದೊಣ್ಣೆ ಮೊದಲ ಬಾರಿಗೆ ಲೋಕೋಪಯೋಗಕ್ಕೆ ಬಂತು. ಆಮೇಲೆ ಮರ. ತೊಡೆಯ ಮೇಲಿಟ್ಟು ಕೆತ್ತಕೂಡದು. ಮರ ಹಿಡಿದ ಕೈ ಎಂದೂ ಅಲಗಿನ ದಾರಿಗೆ ಅಡ್ಡ ಬರಕೂಡದು. ಅಂಚಿನಿಂದ ತಳಕ್ಕೆ ಇಳಿಯಬೇಕು, ತಳದಿಂದ ಮೇಲಕ್ಕೆ ಹತ್ತಕೂಡದು, ನಾರು ಎದುರಾದರೆ ತಿರುಗಿಸಿಕೊಂಡು ಆ ಕಡೆಯಿಂದ ಬರಬೇಕು. ಸಿಪ್ಪೆ ಈರುಳ್ಳಿಯ ಸಿಪ್ಪೆಯಷ್ಟೇ ತೆಳ್ಳಗಿರಬೇಕು, "ಜಾಸ್ತಿ ಕಿತ್ರೆ ಎತ್ತು ಒದೀತದೆ. ಮರ ಒದಿಯಲ್ಲ, ಚೂರಿನೆ ಒದೀತದೆ." ಕೋಪ ಬಂದ ದಿನ ಮುಟ್ಟಕೂಡದು, ಹಸಿದಾಗ ಮುಟ್ಟಕೂಡದು. ಕೆಲಸ ಮುಗಿದರೆ ತುದಿಗೆ ಜೋಳದ ಒಣ ದಿಂಡು ಚುಚ್ಚಿಡಬೇಕು. ಇದನ್ನೆಲ್ಲ ಮರಿಮಲ್ಲಪ್ಪ ಹದಿನೇಳು ಕಲಮುಗಳ ಸುತ್ತೋಲೆಯಾಗಿ ಬರೆದು, ಆಕೆಯ ಒಪ್ಪಿಗೆಯ ಸಹಿಗೆಂದು ಮುಂದಿಟ್ಟ. ಆಕೆ ಕನ್ನಡಕ ಏರಿಸಿ ಎರಡು ಕಲಮು ಓದಿ, "ಇಷ್ಟುದ್ದ ಓದಿ ಮುಗ್ಸೋ ಒತ್ಗೆ ಬೆರಳೋಗಿರ್ತದೆ" ಎಂದು ಅದರಲ್ಲೇ ತೊಳೆ ಕಟ್ಟಿ ಗಿರಾಕಿಗೆ ಕೊಟ್ಟಳು. ತನ್ನ ಕಡೆಯಿಂದ ಅವನು ಹದಿನೆಂಟನೆಯ ಕಲಮು ಸೇರಿಸಿಕೊಂಡಿದ್ದ: ಕೋಟಿನ ಎದೆಯ ಒಳಗೆ ಲಾರಿ ಟ್ಯೂಬಿನ ತುಂಡೊಂದನ್ನು ಹೊಲಿಸಿದ್ದ. ಆ ಕೋಟು ಬಿಸಿಲಿನಲ್ಲಿ ನಡೆದರೆ ಪಂಕ್ಚರ್ ಅಂಗಡಿಯೇ ನಡೆದುಬಂದ ವಾಸನೆ.

ಆಷಾಢದ ಹೊತ್ತಿಗೆ ಹಾಲೆಮರದಲ್ಲಿ ಒಂದು ಚಮಚ ತಯಾರಾಯಿತು. ಸುಂದರವೆಂದರೆ ಸುಂದರ; ಹಾಲಿನ ಬಣ್ಣ, ಸಮ ಗುಳಿ, ನೆಟ್ಟನೆಯ ದಪ್ಪ ಹಿಡಿ. ಶಾಂತಮಲ್ಲಮ್ಮನ ಬೆರಳುಗಳು ಅದನ್ನು ಹಿಡಿದವು. ಆಕೆ ಮುದ್ದೆಯ ಚೂರನ್ನು ಸಾರಿನಲ್ಲಿ ಅದ್ದಿ, ಚಮಚದಲ್ಲಿ ತುಂಬಿ ಎತ್ತಿದಳು. ಮಣಿಕಟ್ಟು ತಿರುಗಲಿಲ್ಲ. ಬಾಯಿಯ ಹತ್ತಿರ ಬಂದ ಚಮಚ ಪಕ್ಕಕ್ಕೆ ವಾಲಿ ಎಲ್ಲವೂ ಮಡಿಲಿಗೆ ಬಿತ್ತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಬಿತ್ತು. ಚಮಚವನ್ನು ಮೆಲ್ಲಗೆ ಕೆಳಗಿಟ್ಟು, ಬಿಸಿಸಾರು ಬಿದ್ದ ಸೀರೆಯನ್ನೂ ಒರೆಸಿಕೊಳ್ಳದೆ, "ಸಾಕು ಬುಡಿ. ನನ್ಗೋಸ್ಕರ ನೀವು ಬೆರಳ ಕಳ್ಕಬ್ಯಾಡಿ" ಎಂದು ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಮರಿಮಲ್ಲಪ್ಪ ಚೂರಿಯನ್ನು ಜೋಳದ ದಿಂಡಿನ ಸಮೇತ ತೆರಕಣಾಂಬಿಯ ಜಗಲಿಯ ಮೇಲಿಟ್ಟ. ಚಿಕ್ಕನಿಂಗಮ್ಮ ಅದನ್ನು ಎತ್ತಿಕೊಳ್ಳಲಿಲ್ಲ. ಚಮಚವನ್ನು ತಿರುಗಿಸಿ ಮುರುಗಿಸಿ ನೋಡಿ, "ಗುಮಾಸ್ತಪ್ಪಾ, ಎಡ್ತಿ ಕೈಯ ನೋಡಿದ್ದಿಯಾ?" ಎಂದಳು.

"ನಲವತ್ತೊಂದು ವರ್ಷದಿಂದ ನೋಡ್ತಾ ಇದ್ದೀನಿ."

"ಅದ್ ಅವಾಗಿನ ಕೈ. ಈಗಿನ್ ಕೈ ನೋಡಿದ್ದಿಯಾ? ಎತ್ತಿನ್ ಕಾಲ್ ಅಳ್ತೆ ನೋಡ್ದೆ ನನ್ ಗಂಡ ಲಾಳ ಕಟ್ತಿರ್ನಿಲ್ಲ. ಸೊಟ್ಟಗಾಲಿನ ಎತ್ಗೆ ಸೊಟ್ಟ ಲಾಳನೆ. ಕೈ ಡೊಂಕಾದ್ ಮ್ಯಾಲೆ ಸೌಟು ನೆಟ್ಟಗಿದ್ರೆ ಅದ್ಯಾರ ಬಾಯ್ಗೋದದು?" ಎಂದು ಹಿತ್ತಲ ಸೀಬೆಮರ ತೋರಿಸಿದಳು. ಅದರಲ್ಲಿ ನೆಟ್ಟಗಿನ ಕೊಂಬೆ ಒಂದೂ ಇರಲಿಲ್ಲ.

ಮರಿಮಲ್ಲಪ್ಪ ಚೂರಿಯನ್ನು ಮತ್ತೆ ಎತ್ತಿಕೊಂಡ. ಸಂಜೆ ಮನೆಗೆ ಬಂದು ಒಂದು ಮುದ್ದೆ ಕಟ್ಟಿ, ಆರಿಸಿ, ಹೆಂಡತಿಯ ಬಲಗೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊ" ಎಂದ. "ತಿನ್ನಕಾ, ಒಡಿಯಕಾ?" ಎಂದಳು ಆಕೆ. ಹಿಡಿದಳು. ರಾಗಿಯ ಮೇಲೆ ಐದು ಬೆರಳ ಅಚ್ಚು, ಅಂಗೈಯ ಅಚ್ಚು, ಮಣಿಕಟ್ಟು ಎತ್ತ ವಾಲಿದೆ ಎಂಬುದರ ಅಚ್ಚು ಸರಿಯಾಗಿ ಮೂಡಿತು. ಒಣಗಿ ಕಲ್ಲಾದ ಆ ಮುದ್ದೆಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮರುದಿನ ಮೂರು ಜನರ ಸೀಟಿನಲ್ಲಿ ತೆರಕಣಾಂಬಿಗೆ ಹೊರಟ. ಸರ್ಕಾರಿ ಮೊಹರು ಒತ್ತಿದ ಮನುಷ್ಯ ತನ್ನ ಜೀವಮಾನದಲ್ಲಿ ಅಷ್ಟು ಜೋಪಾನ ಮಾಡಿದ ಮೊಹರು ಇನ್ನೊಂದಿಲ್ಲ.

ಸೀಬೆಯ ಹಸಿ ಕೊಂಬೆ, ಮೊಣಕೈಯಂತೆ ಬಾಗಿದ್ದು. ಹಿಡಿ ಮುದ್ದೆಯ ಅಚ್ಚಿನಂತೆ ಉಬ್ಬು ತಗ್ಗಾಗಿ ಬಂತು. ಗುಳಿ, ವಾಲಿದ ಮಣಿಕಟ್ಟು ತಾನಾಗಿ ಬಾಯಿಗೆ ತಿರುಗುವಂತೆ ಎಡಕ್ಕೆ ಬಾಗಿ ಬಂತು. ಐದನೆಯ ದಿನ, ಗುಳಿಯ ತಳದಲ್ಲಿ ಗಿಣ್ಣೊಂದು ಎದುರಾಯಿತು. ಇನ್ನೊಂದೇ ಪದರ. ಮನೆಯಲ್ಲಿ ಆಕೆ ಹಿಂದಿನ ದಿನವೂ ಮಜ್ಜಿಗೆಯಲ್ಲೇ ಮುಗಿಸಿದ್ದಳು, ಇವನಿಗೆ ಅವಸರ. ಸುತ್ತೋಲೆಯ ಹದಿನೇಳೂ ಕಲಮು ಮರೆತು ಬಲವಾಗಿ ಎಳೆದ.

ಚೂರಿ ಗಿಣ್ಣು ಬಿಟ್ಟು ಹಾರಿತು. ಅದು ಹೊರಟ ವೇಗಕ್ಕೆ ಜಗಲಿಯ ನೊಣಗಳು ಎದ್ದು ನಿಂತವು. ನನ್ನ ಕೈಯ ಟೀ ಲೋಟ ನನಗಿಂತ ಮೊದಲು ಕೂಗಿಕೊಂಡಿತು. ಆದರೆ ಮೊಣಕೈ ಪಕ್ಕೆಯನ್ನು ಬಿಟ್ಟಿರಲಿಲ್ಲ. ಅಲಗು ಅರ್ಧ ಗೇಣು ಬಂದು, ಕೋಟಿನ ಎರಡನೆಯ ಗುಂಡಿಗೆ ಎರಡು ಬೆರಳು ದೂರದಲ್ಲಿ, ಕಟ್ಟಿದ ಕರುವಿನ ಹಾಗೆ ಗಕ್ಕನೆ ನಿಂತಿತು. ಟ್ಯೂಬಿನ ತುಂಡಿಗೆ ಕೆಲಸವೇ ಬೀಳಲಿಲ್ಲ. ಕಂಕುಳಿಂದ ಮಾತ್ರ ಏನೋ ತೊಟ್ಟಿಕ್ಕುತ್ತಿತ್ತು. ನಾನು ರಕ್ತವೆಂದೇ ತಿಳಿದೆ. ನಿಂಬೆಹಣ್ಣು ಒಡೆದು ರಸವಾಗಿತ್ತು, ಬಿದ್ದಿರಲಿಲ್ಲ.

ಚಿಕ್ಕನಿಂಗಮ್ಮ ಕೂತಲ್ಲಿಂದ ಏಳಲಿಲ್ಲ. "ಚೂರಿ ಕೆಳಗಿಡು. ನೀರ್ ಕುಡಿ. ಇನ್ನೊಂದ್ ಅಣ್ಣು ತಕೊ. ಗಿಣ್ಣ ಆಚೆ ಕಡೆಯಿಂದ ಬಾ." ಇಷ್ಟೇ ಎಂದು ತೊಳೆ ಬಿಡಿಸುವುದನ್ನು ಮುಂದುವರಿಸಿದಳು. ಆದರೆ ಆಕೆ ಅಲ್ಲಿಂದ ಮುಂದೆ ಬಿಡಿಸಿದ ನಾಲ್ಕು ತೊಳೆಗಳನ್ನೂ ಬುಟ್ಟಿಗೆ ಹಾಕುವ ಬದಲು ಸಿಪ್ಪೆಯ ಗುಡ್ಡೆಗೆ ಹಾಕಿದ್ದನ್ನು ನಾನು ನೋಡಿದೆ.

ಮರುದಿನ ಮಧ್ಯಾಹ್ನ. ಶಾಂತಮಲ್ಲಮ್ಮ ಗೋಡೆಯ ಕಡೆಗೇ ಕೂತಿದ್ದಳು. ಮರಿಮಲ್ಲಪ್ಪ ತಟ್ಟೆಯಲ್ಲಿ ಹಿಟ್ಟು, ಬಟ್ಟಲಲ್ಲಿ ಅವರೆಕಾಳಿನ ಸಾರು ತಂದಿಟ್ಟ. ಕೋಟಿನಿಂದ ಆ ಸೊಟ್ಟ ಚಮಚವನ್ನು ತೆಗೆದ. ಅವನು ಅದನ್ನು ಆಕೆಯ ಕೈಗೆ ಕೊಡುತ್ತಾನೆಂದುಕೊಂಡೆ. ಕೊಟ್ಟು, ಬೆರಳು ಕೂರಿಸಿ, ಎತ್ತಲು ಆಸರೆಯಾಗುತ್ತಾನೆಂದುಕೊಂಡೆ, ಕಳೆದ ಬಾರಿ ಮಾಡಿದ ಹಾಗೆ. ಅವನು ಕೊಡಲಿಲ್ಲ. ತಟ್ಟೆಯ ಬಲಗಡೆ, ನೆಲದ ಮೇಲೆ, ಇಟ್ಟ. ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಒರಗಿ ನಿಂತ.

ಆಕೆ ತಿರುಗಿದಳು. ಚಮಚವನ್ನು ನೋಡಿದಳು, ಗಂಡನನ್ನು ನೋಡಿದಳು, ಅವನು ಬರುವುದಿಲ್ಲವೆಂದು ಖಾತರಿಯಾಯಿತು. ಬಲಗೈ ಚಾಚಿ ತಾನೇ ಎತ್ತಿಕೊಂಡಳು. ಉಬ್ಬು ತಗ್ಗುಗಳಲ್ಲಿ ಐದು ಬೆರಳೂ ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋಗಿ ಕೂತವು. ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ಎತ್ತಿದಳು. ಚಮಚ ವಾಲಿತು, ವಾಲಿದ್ದು ಬಾಯಿಯ ಕಡೆಗೇ ವಾಲಿತು. ನುಂಗಿದಳು. ಎರಡನೆಯ ತುತ್ತು. ಮೂರನೆಯದು. ನಾಲ್ಕನೆಯದಕ್ಕೆ ಗೋಡೆಗೆ ಪೂರಾ ಬೆನ್ನು ಹಾಕಿ, ನಮ್ಮಿಬ್ಬರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಅಂದು ಆಕೆ ಉಂಡದ್ದನ್ನು ನಾನು ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಹೇಳುತ್ತೇನೆ: ಒಂದು ಮುದ್ದೆ, ಪೂರ್ತಿ.

ತಟ್ಟೆ ಬರಿದಾದ ಮೇಲೆ ಬಾಗಿಲ ಕಡೆ ನೋಡಿ, "ಇನ್ನಾದ್ರೂ ಆ ಕಂಕುಳ ಬುಡಿ. ಉಂಡೆ ಕಣಿ" ಎಂದಳು.

ಮರಿಮಲ್ಲಪ್ಪ ಬಿಡಹೋದ. ಮೊಣಕೈ ಬರಲಿಲ್ಲ. ಇಂದಿಗೂ ಬಂದಿಲ್ಲ. ಹೊರಗೆ ಬಂದು ನನ್ನ ಪಕ್ಕ ಜಗಲಿಯ ಮೇಲೆ ಕೂತು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. "ಉಂಡಳು ಕಣ್ಲಾ" ಎಂದ. ಅವಗಾಹನೆಯ ಬಾಲಕ್ಕಾಗಿ ನಾನು ಕಾದೆ. ಅಂದು ಅದು ಬರಲಿಲ್ಲ.

ಚೂರಿ ಈಗ ಅವನಲ್ಲೇ ಇದೆ. ಹಲಸಿನ ಕಾಲ ಬಂದಾಗ ತೆರಕಣಾಂಬಿಯ ಜಗಲಿಗೆ ಹೋಗಿ ಇಟ್ಟು ಬರುತ್ತಾನೆ, ಕಾಲ ಮುಗಿದಾಗ ಆಕೆ ಅದೇ ಕಲ್ಲಿನ ಮೇಲೆ ಇಡುತ್ತಾಳೆ, ಇವನು ಎತ್ತಿಕೊಳ್ಳುತ್ತಾನೆ. ಕೈ ಸೋತ ಇನ್ನೂ ಮೂರು ನಾಲ್ಕು ಮಂದಿ ಅವನ ಮನೆಗೆ ಬಂದು ಮುದ್ದೆ ಹಿಡಿದು ಹೋಗಿದ್ದಾರೆ. ಕಪಾಟಿನಲ್ಲಿ ಆ ಮುದ್ದೆಗಳು ಹೆಸರು, ತಾರೀಖು ಸಮೇತ ಸಾಲಾಗಿ ಕೂತಿವೆ.

ಲೋಕದಲ್ಲಿ ಧೈರ್ಯಶಾಲಿಗಳೆಂದು ಹೆಸರಾದವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಅನೇಕರಿಗೆ ಒಂದೆರಡು ಬೆರಳು ಕಮ್ಮಿ. ಮರಿಮಲ್ಲಪ್ಪನ ಜಾತಿಯವರು ಬೇರೆ. ಗುಂಡುಸೂಜಿಗೂ ಹೆದರುವ ಈ ಜನ, ಹೆದರಿಕೆಯನ್ನು ಬಿಡದೆಯೇ, ಅದನ್ನು ಕಂಕುಳಲ್ಲಿ ಇರುಕಿಕೊಂಡೇ, ಹರಿತವಾದದ್ದರ ಹತ್ತಿರಕ್ಕೆ ಹೋಗುತ್ತಾರೆ. ಹೋಗಲೇಬೇಕಾದ ಕಾರಣವೊಂದು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತದೆ. ಕೊಡುವುದನ್ನೂ ಅವರು ಕೈಯ ಮೇಲೆ ಹೇರುವುದಿಲ್ಲ. ಎಟುಕುವಷ್ಟು ದೂರದಲ್ಲಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಕೊಟ್ಟು ಕೈ ಮೇಲಾಗಿಸಿಕೊಳ್ಳುವವರಿಂದ ತುಂಬಿದ ಈ ಊರಿನಲ್ಲಿ, ಇಟ್ಟು ಹಿಂದೆ ಸರಿಯಬಲ್ಲವರು ಅಪರೂಪ. ಅಂಥವನೊಬ್ಬ ಮೊಣಕೈ ಒತ್ತಿಕೊಂಡು ಎದುರಿಗೆ ಬಂದರೆ ದಯವಿಟ್ಟು ದಾರಿ ಬಿಡಿ. ನಗುವುದಿದ್ದರೆ ಅವನು ದಾಟಿದ ಮೇಲೆ ನಗಬಹುದು. ನಾನೂ ಹಾಗೇ ಮಾಡುವುದು.